ಕಾರು ನಿಂತಾಗ ಮಾತ್ರ ಕಾನೂನು

ಮೇಷ್ಟ್ರು: ಮಗು ನನ್ನ ಹತ್ರಾನೇ ಇರಬೇಕು. ಅದರಲ್ಲಿ ಮಾತೇ ಇಲ್ಲ. ಕ್ಲಚ್ ಬಿಡಿ ಮೇಡಂ, ನಿಧಾನಕ್ಕೆ.

ಟೀಚರ್: ಮಾತೇ ಇಲ್ಲ ಅನ್ನೋ ಮಾತನ್ನ ಬೆಳಗ್ಗೆಯಿಂದ ಎಷ್ಟು ಸಲ ಆಡಿದ್ರು ಕೇಳಿ ಇವರನ್ನ. ಬಿಡಬೇಡಿ ಮೇಡಂ, ನೀವಿನ್ನೂ ಕನ್ನಡಿ ನೋಡಿಲ್ಲ.

ವಕೀಲೆ: ಬಿಡ್ಲೋ, ಬೇಡ್ವೋ?

ಮೇಷ್ಟ್ರು: ಬಿಡಿ.

ಟೀಚರ್: ಬೇಡ.

ವಕೀಲೆ ಇಬ್ಬರ ಮಾತನ್ನೂ ಅರ್ಧರ್ಧ ಪಾಲಿಸಿದರು. ಕಾರು ಎರಡು ಸಲ ಮುಗ್ಗರಿಸಿ ಆಫ್ ಆಯಿತು.

ಅದು ಡ್ರೈವಿಂಗ್ ಶಾಲೆಯ ಕಾರು. ಪಕ್ಕದ ಸೀಟಿನ ಮುಂದೆಯೂ ಒಂದು ಕ್ಲಚ್, ಒಂದು ಬ್ರೇಕ್ ಇದ್ದವು. ಅವುಗಳ ಮೇಲೆ ಮೇಷ್ಟ್ರ ಕಾಲು. ಶಾಲೆ ನಡೆಸುವವರು ಗಂಡ ಹೆಂಡತಿ. ಕಲಿಯಲು ಬರುವವರು ಗಂಡನನ್ನು ಮೇಷ್ಟ್ರು ಎಂದೂ ಹೆಂಡತಿಯನ್ನು ಟೀಚರ್ ಎಂದೂ ಕರೆಯುತ್ತಿದ್ದರು. ಟೀಚರ್ ಹಿಂದಿನ ಸೀಟಿನ ನಟ್ಟನಡುವೆ ಕೂತು, ಮುಂದಿನ ಎರಡು ಸೀಟುಗಳ ನಡುವೆ ಕತ್ತು ತೂರಿಸಿದ್ದರು. ಸ್ಟೇರಿಂಗ್ ಹಿಡಿದವರು ಕುಟುಂಬ ನ್ಯಾಯಾಲಯದ ವಕೀಲೆ. ಕಟಕಟೆಯಲ್ಲಿ ನಿಂತ ಗಂಡಂದಿರ ಬೆವರಿಳಿಸಿ ಹೆಸರು ಮಾಡಿದವರು. ಕಾರಿನಲ್ಲಿ ಕೂತರೆ ತಾವೇ ಬೆವರುತ್ತಿದ್ದರು.

ಗಂಡ ಹೆಂಡತಿ ಬೇರೆಯಾಗಲು ತೀರ್ಮಾನಿಸಿದ್ದರು. ಒಬ್ಬರು ಕೇಳಿಕೊಂಡು ಬಂದ ಕಾನೂನನ್ನು ಇನ್ನೊಬ್ಬರು ನಂಬುವುದಿಲ್ಲವಾದ್ದರಿಂದ ಇಬ್ಬರೂ ಒಟ್ಟಿಗೇ ಪಾಠಕ್ಕೆ ಬಂದಿದ್ದರು. ವಕೀಲೆ ಹಾಕಿದ ಷರತ್ತು ಒಂದೇ: ಕಾರು ಓಡುವಾಗ ಕಾನೂನು ಕೇಳಬಾರದು.

ವಕೀಲೆ: ಹ್ಞಾಂ, ನಿಂತಿದೆ. ಕೇಳಿ.

ಟೀಚರ್: ಇಬ್ಬರೂ ಒಪ್ಪಿ ಅರ್ಜಿ ಹಾಕಿದ್ರೆ ಬೇಗ ಆಗುತ್ತಂತಲ್ಲ ಮೇಡಂ?

ಮೇಷ್ಟ್ರು: ಒಪ್ಪೋದಾ? ಇವಳಾ? ಇವತ್ತು ಮಂಗಳವಾರ ಅಂದ್ರೂ ಎದ್ದು ಹೋಗಿ ಕ್ಯಾಲೆಂಡರ್ ನೋಡಿ ಬರೋಳು ಮೇಡಂ.

ಟೀಚರ್: ನೋಡಿ ಬಂದೆ. ಬುಧವಾರ ಇತ್ತು.

ವಕೀಲೆ: ಇಬ್ಬರೂ ಒಪ್ಪಿ ಹಾಕಬಹುದು. ಆದ್ರೆ ಅದಕ್ಕೆ ಮುಂಚೆ ಒಂದು ವರ್ಷ ಬೇರೆ ಬೇರೆ ಬಾಳಿರಬೇಕು.

ಮೇಷ್ಟ್ರು: ಆಗಿದೆ.

ಟೀಚರ್: ಆಗಿದೆ.

ಒಂದೇ ಉತ್ತರ ಬಂದದ್ದಕ್ಕೆ ಇಬ್ಬರೂ ಗಲಿಬಿಲಿಗೊಂಡು ಬೇರೆ ಬೇರೆ ಕಿಟಕಿ ನೋಡಿದರು.

ವಕೀಲೆ: ಮನೆ ಬಿಟ್ಟು ಹೋದೋರು ಯಾರು?

ಮೇಷ್ಟ್ರು: ಯಾರೂ ಹೋಗಿಲ್ಲ. ಮನೆ ಬಿಟ್ರೆ ಮಗೂನ ಬಿಟ್ಟ ಹಾಗೆ. ಅಷ್ಟು ದಡ್ಡನಲ್ಲ ನಾನು. ಇವಳದ್ದು ಆ ರೂಮು, ನನ್ನದು ಈ ರೂಮು, ನಡುವೆ ಮಗು.

ವಕೀಲೆ: ಒಂದೇ ಸೂರಿನ ಕೆಳಗೆ ಇದ್ರೂ ನಡಿಯುತ್ತೆ. ಗಂಡ ಹೆಂಡತಿ ಥರ ಇರಬಾರದು, ಅಷ್ಟೆ.

ಟೀಚರ್: ಗಂಡ ಹೆಂಡತಿ ಥರ ಅಂದ್ರೆ ಹೇಗಿರ್ತಾರೆ ಮೇಡಂ? ಬಹಳ ದಿನ ಆಯ್ತು ನೋಡಿ, ಮರೆತುಹೋಗಿದೆ.

ವಕೀಲೆ: ಒಟ್ಟಿಗೆ ಕೂತು ಊಟ ಮಾಡ್ತೀರಾ?

ಮೇಷ್ಟ್ರು: ಖಂಡಿತ ಇಲ್ಲ. ಇವಳು ಮಾಡಿ ಮುಚ್ಚಿಡ್ತಾಳೆ. ನಾನು ಆಮೇಲೆ ಬಂದು ತೆಗೆದು ತಿಂತೀನಿ.

ವಕೀಲೆ: ಅಂದ್ರೆ ಇವರು ಮಾಡಿದ ಅಡುಗೆ ನೀವು ತಿಂತೀರಿ.

ಮೇಷ್ಟ್ರು: ಇಷ್ಟಪಟ್ಟು ತಿನ್ನಲ್ಲ ಮೇಡಂ. ಬೇಕಾದ್ರೆ ಅಫಿಡವಿಟ್ ಬರ್ಕೊಡ್ತೀನಿ.

ಟೀಚರ್: ಇಷ್ಟ ಇಲ್ಲದೇನೇ ಪಾತ್ರೆ ಕೆರೆದು ಇಡ್ತಾರೆ. ಇಷ್ಟ ಆಗಿದ್ರೆ ಪಾತ್ರೆ ಉಳೀತಿತ್ತೋ ಇಲ್ವೋ.

ವಕೀಲೆ: ಬಟ್ಟೆ ಯಾರು ಒಗೀತಾರೆ?

ಟೀಚರ್: ಮೆಷಿನ್ ಒಂದೇ ಇರೋದು. ನಾನು ಮುಚ್ಚಳ ತೆಗೆದಾಗೆಲ್ಲ ಇವರ ಅಂಗಿ ಒಳಗೆ ಮೊದಲೇ ಕೂತಿರುತ್ತೆ. ನಾನು ಕರೆದಿಲ್ಲ.

ವಕೀಲೆ: ಮಾತುಕತೆ?

ಇಬ್ಬರೂ: ಇಲ್ಲವೇ ಇಲ್ಲ.

ವಕೀಲೆ: ನಾನು ಸೀಟ್ ಬೆಲ್ಟ್ ಹಾಕಿದಾಗಿಂದ ನೀವಿಬ್ಬರೂ ಬಾಯಿ ಮುಚ್ಚಿಲ್ಲ.

ಟೀಚರ್: ಕಾರು ನಮ್ಮ ಕೆಲಸದ ಜಾಗ ಅಲ್ವಾ ಮೇಡಂ. ಇಲ್ಲಿ ಮಾತಾಡಲೇಬೇಕು. ಬಾಗಿಲು ತೆಗೆದು ಕೆಳಗಿಳಿದ್ವೋ, ಬಂದ್. ಮನೇಲಿ ಏನಾದ್ರೂ ಹೇಳೋದಿದ್ರೆ ಮಗು ಕೈಲಿ ಹೇಳಿಸ್ತೀವಿ.

ಮೇಷ್ಟ್ರು: ಈ ಕಡೆಯಿಂದ ಮರ್ಯಾದೆಯಾಗೇ ಹೇಳಿಕಳಿಸ್ತೀನಿ. ಆ ಕಡೆಯಿಂದ ಬರೋ ಉತ್ತರ ಮಗು ಬಾಯಲ್ಲಿ ಕೇಳೋ ಹಾಗಿರಲ್ಲ.

ವಕೀಲೆ: ನ್ಯಾಯಾಧೀಶರಿಗೆ ನಾನು ಏನಂತ ಹೇಳಲಿ? ಇವರು ಮನೇಲಿ ಬೇರೆಯಾಗಿದ್ದಾರೆ, ಕಾರಲ್ಲಿ ಸಂಸಾರ ಮಾಡ್ತಾರೆ ಅಂತಲಾ?

ಹಿಂದಿನಿಂದ ಯಾರೋ ಹಾರ್ನ್ ಒತ್ತಿದರು. ವಕೀಲೆ ಬೆಚ್ಚಿ ಕೀಲಿ ತಿರುಗಿಸಿದರು. ಲೈಸೆನ್ಸ್ ಕಚೇರಿಯ ಹಿಂದೆ ಒಂದು ಮೈದಾನವಿದೆ. ಒಂದು ಬದಿಯಲ್ಲಿ ಪರೀಕ್ಷೆ, ಇನ್ನೊಂದು ಬದಿಯಲ್ಲಿ ಅಭ್ಯಾಸ. ಕಾರು ಅತ್ತ ಹೊರಟಿತು.

ಟೀಚರ್: ಮೇಡಂ, ಮಗು ಸಾಮಾನ್ಯವಾಗಿ ತಾಯಿ ಹತ್ರಾನೇ ತಾನೆ…

ವಕೀಲೆ: ಓಡ್ತಾ ಇದೆ! ಓಡ್ತಾ ಇದೆ!

ಮೇಷ್ಟ್ರು: ಎರಡನೇ ಗೇರ್ ಹಾಕಿ. ಚೆನ್ನಾಗಿ ಹೋಗ್ತಿದ್ದೀರ. ಹಿಂದಿನ ಸೀಟಿನ ಗಲಾಟೆ ಕಿವಿಗೆ ಹಾಕ್ಕೋಬೇಡಿ.

ವಕೀಲೆ: ಎದುರಿಗೆ ಯಾರೋ ಸೈಕಲ್‌ನಲ್ಲಿ ಬರ್ತಿದ್ದಾರೆ.

ಟೀಚರ್: ಬರ್ಲಿ ಬಿಡಿ, ಅವರೂ ಎಲ್ಲೋ ಹೋಗಬೇಕಲ್ಲ.

ಸೈಕಲ್ ದಾಟಿ ಹೋಯಿತು. ಮುಂದಿನ ರಸ್ತೆ ಪೂರ್ತಿ ಖಾಲಿ. ಆ ಖಾಲಿ ರಸ್ತೆಯ ನಡುವೆ ಕಾರು ಧಡಕ್ಕೆಂದು ನಿಂತು ಆಫ್ ಆಯಿತು.

ವಕೀಲೆ: ನಾನೇನೂ ಮಾಡ್ಲಿಲ್ಲ!

ಟೀಚರ್: ನೀವಲ್ಲ ಮೇಡಂ. ಇವರ ಕಾಲು ನೋಡಿ. ಬ್ರೇಕ್ ಒತ್ತಿದ್ದು ಇವರು.

ಮೇಷ್ಟ್ರು: ಸೈಕಲ್ ಬಂತಲ್ಲ.

ಟೀಚರ್: ಆ ಸೈಕಲ್ಲು ಇಷ್ಟು ಹೊತ್ತಿಗೆ ಮನೆ ಸೇರಿ ಕೈಕಾಲು ತೊಳ್ಕೊಂಡಿರುತ್ತೆ. ಇವರಿಗೆ ಕಾನೂನು ಕೇಳಬೇಕಿತ್ತು, ಅದಕ್ಕೆ ನಿಲ್ಲಿಸಿದ್ರು.

ಮೇಷ್ಟ್ರು: ನಿಂತಿದೆ ತಾನೆ? ಕೇಳೇಬಿಡ್ತೀನಿ. ಮೇಡಂ, ಮಗು ಯಾರಿಗೆ?

ವಕೀಲೆ: ಯಾರಿಗೆ ಅಂತ ಹಂಚೋಕೆ ಮಗು ಸೋಫಾ ಅಲ್ಲ. ಮಗುವಿಗೆ ಎಲ್ಲಿದ್ರೆ ಒಳ್ಳೇದು ಅಂತ ಕೋರ್ಟು ನೋಡುತ್ತೆ. ನಿಮ್ಮಲ್ಲಿ ಯಾರು ಒಳ್ಳೇವರು ಅಂತ ನೋಡಲ್ಲ.

ಮೇಷ್ಟ್ರು: ಅದನ್ನೂ ಸ್ವಲ್ಪ ನೋಡಿದ್ದಿದ್ರೆ ನನಗೆ ಅನುಕೂಲ ಆಗ್ತಿತ್ತು.

ಟೀಚರ್: ನೋಡಿ ನೋಡಿ ಸಿಗದೇ ಹೋಗಿ, ಪಾಪ, ಕೋರ್ಟು ಆ ಗೊಡವೇನೇ ಬಿಟ್ಟಿರಬೇಕು.

ವಕೀಲೆ: ದಿನಾ ನೋಡ್ಕೊಳ್ಳೋದು ಯಾರು?

ಟೀಚರ್: ನಾನು. ನಾನು ಎಬ್ಬಿಸದಿದ್ರೆ ಮಗು ಏಳೋದೇ ಇಲ್ಲ. ತಲೆ ಬಾಚೋದು ನಾನು. ಹಾಲಿನ ಲೋಟ ಹಿಡ್ಕೊಂಡು ಎದುರಿಗೆ ನಿಂತಿರಬೇಕು, ಇಲ್ಲಾಂದ್ರೆ ಕಿಟಕಿ ಹತ್ರ ಇರೋ ಗಿಡಕ್ಕೆ ಸುರೀತಾಳೆ.

ವಕೀಲೆ: ಓ, ಚಿಕ್ಕ ಮಗು. ಹಾಗಾದ್ರೆ ಸಾಮಾನ್ಯವಾಗಿ ತಾಯಿ ಕಡೆಗೇ ಒಲವು ಇರುತ್ತೆ.

ಟೀಚರ್ ಅಂದು ಮೊದಲ ಬಾರಿಗೆ ಸೀಟಿಗೆ ಒರಗಿ ಕೂತರು.

ಮೇಷ್ಟ್ರು: ತಡೀರಿ, ತಡೀರಿ. ರಸ್ತೆ ದಾಟೋವಾಗ ಕೈ ಹಿಡಿಯೋದು ನಾನು. ಹೊದಿಕೆ ಒದ್ದು ಮಲಗಿದ್ರೆ ಎದ್ದು ಹೊದಿಸೋದು ನಾನು. ಗುಡುಗು ಬಂದ್ರೆ ನನ್ನ ರೂಮಿಗೇ ಓಡಿ ಬರ್ತಾಳೆ.

ಟೀಚರ್: ಗುಡುಗಿಗಲ್ಲ. ನಿಮ್ಮ ಗೊರಕೆ ನಿಲ್ಲಿಸೋಕೆ.

ವಕೀಲೆ: ಶಾಲೆಗೆ ಬಿಡೋದು?

ಮೇಷ್ಟ್ರು: ನಾನೇ. ಗೇಟಿಗಿಂತ ಸ್ವಲ್ಪ ಹಿಂದೆ ಬಿಡ್ತೀನಿ. ಗೇಟಿನ ತನಕ ಬರಬೇಡ ಅಂತಾಳೆ. ನಾಚಿಕೆ.

ವಕೀಲೆ: ಪುಟ್ಟ ಮಕ್ಕಳಿಗೆ ಇರುತ್ತೆ. ಮನಸ್ಸಿಗೇನೂ ಘಾಸಿ ಆಗಿಲ್ಲ ತಾನೆ, ನಿಮ್ಮ ಈ ಜಗಳದಿಂದ?

ಟೀಚರ್: ಮೊನ್ನೆ ತನ್ನ ರೂಮಿನ ಗೋಡೆಗೆಲ್ಲ ಬಣ್ಣ ಬಳಿದುಬಿಟ್ಟಳು ಮೇಡಂ.

ವಕೀಲೆ: ಆ ವಯಸ್ಸಲ್ಲಿ ಗೋಡೆ ಮೇಲೆ ಗೀಚೋದು ಸಹಜ. ಬೈಬೇಡಿ.

ಟೀಚರ್: ಬೈಲಿಲ್ಲ. ಚೆನ್ನಾಗೇ ಬಳಿದಿದ್ದಾಳೆ.

ಮೇಷ್ಟ್ರು: ನನ್ನ ಕೈ ಬಂದಿದೆ.

ಟೀಚರ್: ನಿಮ್ಮ ಕೈ ಬಂದಿದ್ರೆ ಅರ್ಧ ಗೋಡೆಗೆ ನಿಂತಿರೋದು.

ವಕೀಲೆ: ನೋಡಿ, ಮಗು ಇಬ್ಬರಿಗೂ ಹೊಂದಿಕೊಂಡಿದೆ. ಜಂಟಿ ಕಸ್ಟಡಿ ಕೇಳಬಹುದು. ವಾರದ ದಿನ ಒಬ್ಬರ ಮನೇಲಿ, ರಜೆಗೆ ಇನ್ನೊಬ್ಬರ ಮನೇಲಿ. ಓದು, ಆಸ್ಪತ್ರೆ, ಇಂಥ ದೊಡ್ಡ ವಿಷಯಗಳನ್ನ ಇಬ್ಬರೂ ಸೇರಿ ತೀರ್ಮಾನ ಮಾಡೋದು.

ಮೇಷ್ಟ್ರು: ಇಬ್ಬರೂ ಸೇರಿ?

ಟೀಚರ್: ಇಬ್ಬರೂ ಸೇರಿ?

ವಕೀಲೆ: ಏನಾಯ್ತೀಗ? ನಿಮ್ಮ ಕಾರಲ್ಲೇ ಇದೆಯಲ್ಲ ಆ ಏರ್ಪಾಡು. ಒಬ್ಬರ ಕೈಲಿ ಸ್ಟೇರಿಂಗು, ಇನ್ನೊಬ್ಬರ ಕಾಲಲ್ಲಿ ಬ್ರೇಕು.

ಟೀಚರ್: ಅದಕ್ಕೇ ನಾವಿನ್ನೂ ಮೈದಾನ ಮುಟ್ಟಿಲ್ಲ.

ಮತ್ತೆ ಹಾರ್ನ್. ಮತ್ತೆ ಕೀಲಿ. ಈ ಸಲ ವಕೀಲೆ ಮೊದಲ ಗೇರಿನಲ್ಲೇ, ಕತ್ತು ಆಚೀಚೆ ತಿರುಗಿಸದೆ, ಮೈದಾನದ ಒಳಕ್ಕೆ ಕಾರು ತಂದರು. ಗೇಟು ದಾಟಿದ್ದೇ ತಡ, ಹಿಂದಿನಿಂದ ಅಪ್ಪಣೆಯಾಯಿತು.

ಟೀಚರ್: ನಿಲ್ಲಿಸಿ ಮೇಡಂ, ನಿಲ್ಲಿಸಿ.

ವಕೀಲೆ: ಈಗ ತಾನೆ ಒಳಗೆ ಬಂದೆವು.

ಟೀಚರ್: ನಿಲ್ಲಿಸೋದನ್ನೂ ಕಲೀಬೇಕಲ್ಲ. ಹ್ಞಾಂ. ಹ್ಯಾಂಡ್ ಬ್ರೇಕ್ ಎಳೀರಿ. ಈಗ ಹೇಳಿ, ಮಗು ನನ್ನ ಹತ್ರ ಬಂತು ಅನ್ಕೊಳ್ಳಿ. ಇವರು ಬಂದು ನೋಡಬಹುದಾ?

ವಕೀಲೆ: ಖಂಡಿತ. ತಂದೆ ನೋಡೋಕೆ ಬಂದ್ರೆ ತಡೆಯೋ ಹಾಗಿಲ್ಲ.

ಟೀಚರ್: ಎಲ್ಲಿಂದ? ಗೇಟಿನ ಆಚೆಯಿಂದ?

ವಕೀಲೆ: ಒಳಗೆ ಬಂದು. ಕೂತು.

ಟೀಚರ್: ಕೂತೇ ನೋಡಬೇಕು ಅಂತ ಕಾನೂನಲ್ಲಿ ಬರೆದಿದೆಯಾ?

ಮೇಷ್ಟ್ರು: ನಾನು ನಿಂತೇ ನೋಡ್ತೀನಿ, ತಲೆ ಕೆಡಿಸ್ಕೋಬೇಡ. ಮೇಡಂ, ನನ್ನದೊಂದು ಪ್ರಶ್ನೆ. ಸಂಪಾದನೆ ಹೆಚ್ಚು ಇರೋರಿಗೆ ಮಗು ಸಿಗುತ್ತಾ?

ವಕೀಲೆ: ಸಂಪಾದನೆ ಒಂದೇ ನೋಡಲ್ಲ. ಇಬ್ಬರದ್ದೂ ಒಂದೇ ಶಾಲೆ, ಒಂದೇ ಕಾರು. ಹೆಚ್ಚೆಲ್ಲಿಂದ ಬಂತು?

ಮೇಷ್ಟ್ರು: ಕಲಿಸಿ ಲೈಸೆನ್ಸ್ ಕೊಡಿಸೋದು ನಾನು.

ಟೀಚರ್: ಇವರು ಕಲಿಸಿದ್ದನ್ನ ಮರೆಸಿ, ಮತ್ತೆ ಕಲಿಸೋದು ನಾನು. ಎರಡು ಕೆಲಸ.

ವಕೀಲೆ: ಕೊನೇದಾಗಿ ಒಂದು ಮಾತು. ಮಗುವಿಗೆ ಸ್ವಲ್ಪ ತಿಳುವಳಿಕೆ ಬಂದಿದ್ರೆ ನ್ಯಾಯಾಧೀಶರು ಒಳಗೆ ಕರೆದು ಅವಳೊಬ್ಬಳನ್ನೇ ಕೇಳ್ತಾರೆ, ಯಾರ ಹತ್ರ ಇರೋಕೆ ಇಷ್ಟ ಪುಟ್ಟಾ ಅಂತ.

ಟೀಚರ್: ಅಯ್ಯೋ, ಅವಳಿಗೇನು ತಿಳಿಯುತ್ತೆ ಮೇಡಂ.

ಮೇಷ್ಟ್ರು: ಕೇಳಿದ್ರೂ ಬಾಯಿ ಬಿಡಲ್ಲ. ಅಮ್ಮನ ಹಟ ಹಾಗೇ ಇಳಿದಿದೆ. ಮೊನ್ನೆ ಓಟು ಹಾಕಿ ಬಂದಳು. ಯಾರಿಗೆ ಹಾಕಿದೆ ಪುಟ್ಟೀ ಅಂತ ಎಷ್ಟು ಮುದ್ದು ಮಾಡಿ ಕೇಳಿದ್ರೂ ಹೇಳಲಿಲ್ಲ.

ಟೀಚರ್: ನನಗೂ ಹೇಳಲಿಲ್ಲ. ಚಾಕ್ಲೇಟ್ ಕೊಡಿಸ್ತೀನಿ ಅಂದೆ, ಆದ್ರೂ.

ವಕೀಲೆ ಕೈ ಚಾಚಿ ಇಂಜಿನ್ ಆರಿಸಿದರು. ಅಂದಿನ ಪಾಠದಲ್ಲಿ ಯಾರೂ ಹೇಳದೆ ಅವರು ಸರಿಯಾಗಿ ಮಾಡಿದ ಮೊದಲ ಕೆಲಸ ಅದು.

ವಕೀಲೆ: ಓಟು ಅಂದ್ರೆ, ಶಾಲೆಯಲ್ಲಿ ಕ್ಲಾಸ್ ಲೀಡರಿಗೆ ಹಾಕೋ ಓಟು?

ಮೇಷ್ಟ್ರು: ಅಲ್ಲ ಮೇಡಂ. ಸರ್ಕಾರದ್ದು. ಮೊನ್ನೆ ಎಲ್ಲರೂ ಹಾಕಿದ್ವಲ್ಲ.

ಟೀಚರ್: ನಾನೇ ತಲೆ ಬಾಚಿ ಕಳಿಸಿದೆ.

ವಕೀಲೆ: ಮಗುವಿನ ವಯಸ್ಸೆಷ್ಟು?

ಮೇಷ್ಟ್ರು: ಹದಿನೆಂಟು.

ವಕೀಲೆ: ತುಂಬಿದೆಯೋ, ನಡೀತಿದೆಯೋ?

ಟೀಚರ್: ತುಂಬಿ ಎರಡು ತಿಂಗಳಾಯ್ತು. ಬಲೂನ್ ಕಟ್ಟಿದ್ವಿ. ಬೇರೆ ಬೇರೆ ಬಾಳ್ತಿದ್ದೀವಲ್ಲ, ಅದಕ್ಕೆ ಎರಡು ಕೇಕು ತಂದ್ವಿ.

ವಕೀಲೆ: ನಿಮ್ಮ ಡ್ರೈವಿಂಗ್ ಶಾಲೆಗೆ ಸೇರೋಕೆ ಯಾರಾದ್ರೂ ಬಂದ್ರೆ ಮೊದಲು ಏನು ಕೇಳ್ತೀರಿ?

ಮೇಷ್ಟ್ರು: ವಯಸ್ಸಿನ ದಾಖಲೆ. ಹದಿನೆಂಟಕ್ಕೆ ಒಂದು ದಿನ ಕಡಿಮೆ ಇದ್ರೂ ಕಾರು ಮುಟ್ಟೋಕೆ ಬಿಡಲ್ಲ. ಹದಿನೆಂಟಾದ್ರೆ ದೊಡ್ಡೋರು, ಅವರ ಜವಾಬ್ದಾರಿ ಅವರದ್ದು. ಬೋರ್ಡೇ ಬರೆಸಿ ಹಾಕಿದ್ದೀನಿ.

ವಕೀಲೆ: ಆ ಬೋರ್ಡನ್ನ ಮನೇಲಿ ಹಾಕಬೇಕಿತ್ತು.

ಮೇಷ್ಟ್ರು ಹಿಂದಿನ ಸೀಟಿನತ್ತ ತಿರುಗಿದರು.

ಟೀಚರ್: ಅದು ಬೇರೆಯವರ ಮಕ್ಕಳಿಗೆ ಮೇಡಂ.

ವಕೀಲೆ: ಕಾನೂನಿಗೆ ಎಲ್ಲರೂ ಬೇರೆಯವರ ಮಕ್ಕಳೇ. ಹದಿನೆಂಟು ತುಂಬಿದ ಮೇಲೆ ಕಸ್ಟಡಿ ಅನ್ನೋದೇ ಇಲ್ಲ. ನನ್ನ ಕೈಲಿ ಅರ್ಧ ಗಂಟೆಯಿಂದ ಹಾಲು ಕುಡಿಯೋ ಕೂಸಿನ ಕೇಸು ವಾದ ಮಾಡಿಸಿದ್ರಿ.

ಮೇಷ್ಟ್ರು: ಎರಡು ತಿಂಗಳು ಮುಂಚೆ ಬಂದಿದ್ರೆ?

ವಕೀಲೆ: ಕೇಸು ಹಾಕಬಹುದಿತ್ತು. ಮುಗಿಯೋ ಹೊತ್ತಿಗೆ ಮಗುವಿಗೆ ಮಗು ಆಗಿರೋದು.

ಮೇಷ್ಟ್ರು: ಹೋದ ವರ್ಷವೇ ಹೇಳ್ದೆ ನಾನು. ಪರೀಕ್ಷೆ ಮುಗೀಲಿ, ಮಗು ಬೇಜಾರು ಮಾಡ್ಕೊಳ್ಳುತ್ತೆ ಅಂತ ತಡೆದೋಳು ಇವಳು.

ಟೀಚರ್: ಅದಕ್ಕೂ ಹಿಂದಿನ ವರ್ಷ ನಾನು ಹೇಳಿದಾಗ, ಹಲ್ಲಿಗೆ ತಂತಿ ಹಾಕಿದ್ದಾರೆ, ಅದನ್ನ ತೆಗೀಲಿ ಅಂದೋರು ಯಾರು?

ಮೇಷ್ಟ್ರು: ಹಲ್ಲು ನೋವಲ್ಲಿ ಮಗು ಒದ್ದಾಡ್ತಿರೋವಾಗ ಅಪ್ಪ ಅಮ್ಮ ಬೇರೆ ಆಗೋದಾ?

ಟೀಚರ್ ಮತ್ತೆ ಮುಂದಕ್ಕೆ ಬಾಗಿದರು.

ಟೀಚರ್: ಹಾಗಾದ್ರೆ ಮೇಡಂ, ಅವಳು ಇರೋದು ಯಾರ ಹತ್ರ?

ವಕೀಲೆ: ಅವಳಿಗೆ ಬೇಕಾದ ಕಡೆ.

ಗಂಡ ಹೆಂಡತಿ ಇಬ್ಬರ ಮುಖವೂ ಒಟ್ಟಿಗೆ ಅರಳಿತು. ಆ ಕಡೆ ಯಾವುದೆಂಬ ಬಗ್ಗೆ ಇಬ್ಬರಿಗೂ ಎಳ್ಳಷ್ಟೂ ಸಂಶಯವಿರಲಿಲ್ಲ. ಗೆದ್ದವರ ಸಮಾಧಾನದಲ್ಲಿ ಇಬ್ಬರೂ ಕಿಟಕಿಯಾಚೆ ನೋಡಿದರು. ಮೈದಾನದ ಆಚೆ ಬದಿಯಲ್ಲಿ ಪರೀಕ್ಷೆ ನಡೆದಿತ್ತು. ಒಂದು ಬಿಳಿ ಕಾರು ಎರಡು ಕಂಬಗಳ ನಡುವೆ ಹಿಂದಕ್ಕೆ ಸರಿಯುತ್ತಿತ್ತು.

ಮೇಷ್ಟ್ರು: ಅಲ್ಲಿ ನೋಡಿ ಮೇಡಂ. ರಿವರ್ಸ್ ಅಂದ್ರೆ ಅದು.

ಟೀಚರ್: ಒಂದೇ ತಿರುವಲ್ಲಿ ಒಳಗೆ ತಂದ್ರು. ಕಂಬದ ನೆರಳೂ ತಾಗಲಿಲ್ಲ.

ಮೇಷ್ಟ್ರು: ಅವಸರ ಇಲ್ಲ, ಅಂಜಿಕೆ ಇಲ್ಲ. ಯಾರೋ ಒಳ್ಳೇ ಕಡೆ ಬೆಳೆದಿರೋ ಮಗು.

ಟೀಚರ್: ಹೆತ್ತೋರ ಹೊಟ್ಟೆ ತಣ್ಣಗಿರಲಿ.

ಬಿಳಿ ಕಾರಿನ ಬಾಗಿಲು ತೆರೆಯಿತು. ಇನ್‌ಸ್ಪೆಕ್ಟರ್ ತಲೆಯಾಡಿಸಿ ಹೋದರು. ಕೂದಲನ್ನು ಹೇಗೋ ಮೇಲೆತ್ತಿ ಕಟ್ಟಿಕೊಂಡ ಹುಡುಗಿಯೊಬ್ಬಳು ಕೆಳಗಿಳಿದಳು.

ಟೀಚರ್: ತಲೆ ಬಾಚ್ಕೊಂಡಿಲ್ಲ!

ಮೇಷ್ಟ್ರು: ಪುಟ್ಟಿ! ಅದು ಗಡ್ಡದವನ ಕಾರು!

ಗಡ್ಡದವನು ಎದುರು ಬೀದಿಯಲ್ಲಿ ಡ್ರೈವಿಂಗ್ ಶಾಲೆ ಇಟ್ಟವನು. ಅವನಿಗೆ ಕ್ಲಚ್ ಯಾವುದು, ಬ್ರೇಕ್ ಯಾವುದು ತಿಳಿಯದು ಎಂದು ಮೇಷ್ಟ್ರು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು. ಮಗಳು ತಮ್ಮ ಶಾಲೆಯ ಕಾರು ಕಂಡು, ಒಂದು ಕ್ಷಣ ತಡೆದು, ನೇರ ಕಿಟಕಿಗೇ ಬಂದಳು.

ಮಗಳು: ನಮಸ್ಕಾರ ಮೇಡಂ. ಅಪ್ಪಾ, ಪಾಸಾದೆ.

ಮೇಷ್ಟ್ರು: ಗಡ್ಡದವನ ಹತ್ರ ಕಲಿತ್ಯಾ? ಮನೇಲಿ ಇಬ್ಬರು ಕಲಿಸೋರು ಇದ್ದು?

ಮಗಳು: ಇಬ್ಬರಿದ್ರು, ಅದಕ್ಕೇ. ಒಬ್ಬರಿದ್ದಿದ್ರೆ ಮನೇಲೇ ಕಲೀತಿದ್ದೆ.

ಟೀಚರ್: ಹಾಲು ಕುಡಿದು ಬಂದ್ಯಾ?

ಮಗಳು: ಗಿಡ ಕುಡೀತಮ್ಮ.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ದನಿಯಲ್ಲಿ ಬೆಣ್ಣೆ ಕರಗಿತು.

ಮೇಷ್ಟ್ರು: ಪುಟ್ಟೀ, ಒಂದು ಮಾತು. ನಾವು ಬೇರೆ ಆದ್ರೆ ನೀನು ಯಾರ ಹತ್ರ ಇರ್ತೀಯ? ದಾಕ್ಷಿಣ್ಯ ಬೇಡ. ಮನಸ್ಸಲ್ಲಿ ಇರೋದನ್ನ ಹೇಳು.

ಟೀಚರ್: ಹೇಳು ಕಂದಾ. ಯಾರ ಹೆಸರು ಹೇಳಿದ್ರೂ ನಿಮ್ಮಪ್ಪ ಬೇಜಾರು ಮಾಡ್ಕೊಳ್ಳಲ್ಲ.

ಮಗಳು: ಇವತ್ತು ಸಂಜೆ ಹೇಳೋಣ ಅಂತಿದ್ದೆ. ಕಾಲೇಜಿನ ಹತ್ರ ಗೆಳತಿ ಜೊತೆ ಒಂದು ರೂಮು ನೋಡಿದ್ದೀನಿ. ಭಾನುವಾರ ಹೋಗ್ತಿದ್ದೀನಿ.

ವಕೀಲೆ ಸ್ಟೇರಿಂಗಿನ ನಡುವೆ ಇದ್ದ ಹಾರ್ನಿನ ಚಿತ್ರವನ್ನು ಬಹಳ ಆಸ್ಥೆಯಿಂದ ನೋಡತೊಡಗಿದರು.

ಟೀಚರ್: ಯಾಕೆ? ನಾನೇನು ಕಡಿಮೆ ಮಾಡಿದೆ ನಿನಗೆ?

ಮಗಳು: ಯಾರೂ ಏನೂ ಕಡಿಮೆ ಮಾಡಿಲ್ಲಮ್ಮ. ದಿನಾ ಇದೇ ಆಯ್ತು: ಗ್ಯಾಸ್ ಮುಗಿದಿದೆ ಅಂತ ನಿಮ್ಮಪ್ಪಂಗೆ ಹೇಳು. ನನಗೆ ಗೊತ್ತು ಅಂತ ನಿಮ್ಮಮ್ಮಂಗೆ ಹೇಳು. ಗೊತ್ತಿದ್ದು ಏನು ಕಿಸಿದ್ರು ಅಂತ ಕೇಳು. ಒಂದು ವರ್ಷದಿಂದ ನಿಮ್ಮಿಬ್ಬರ ಮಾತು ಹೊತ್ತು ಹೊತ್ತು ನನ್ನ ಮಾತು ಯಾವುದು ಅಂತಾನೇ ಮರೆತುಹೋಗಿದೆ. ಹೇಳಿದ್ರೆ ಕೇಳಿಸ್ಕೊಳ್ಳೋಕೆ ಇಬ್ಬರಿಗೂ ಪುರುಸೊತ್ತಿಲ್ಲ.

ಮೇಷ್ಟ್ರು: ನೀನು ಹೋದ್ರೆ ಇವಳಿಗೆ ಹೇಳೋದನ್ನೆಲ್ಲ ಯಾರ ಕೈಲಿ ಹೇಳಿಸಲಿ?

ಮಗಳು: ಬಂದು ಕಾರಲ್ಲಿ ಕೂತ್ಕೊಂಡು ಹೇಳಿ.

ಟೀಚರ್: ನಿನ್ನ ನೋಡೋಕೆ ಬರಬಹುದು ತಾನೆ?

ಮಗಳು: ಬನ್ನಿ. ಫೋನ್ ಮಾಡಿ ಬನ್ನಿ. ಒಟ್ಟಿಗೆ ಬಂದ್ರೆ ನನ್ನ ಕೈಲಿ ಒಬ್ಬರಿಗೊಬ್ಬರು ಹೇಳಿಸೋ ಹಾಗಿಲ್ಲ.

ಟೀಚರ್: ಶನಿವಾರ ನಾನು ಬರ್ತೀನಿ.

ಮೇಷ್ಟ್ರು: ಶನಿವಾರ ನಾನು ಅನ್ಕೊಂಡಿದ್ದೆ.

ಮಗಳು: ನೋಡಿ, ಶುರುವಾಯ್ತು. ನಾನು ಒಳಗೆ ಸಹಿ ಹಾಕಿ ಬರಬೇಕು.

ಮಗಳು ಕಚೇರಿಯತ್ತ ನಡೆದಳು. ಕಾರುಗಳು ಓಡಾಡುವ ದಾರಿ ದಾಟುವಾಗ ಮೇಷ್ಟ್ರ ಕೈ ತಾನಾಗಿ ಬಾಗಿಲ ಹಿಡಿಯತ್ತ ಹೋಯಿತು. ಆಕೆ ಎರಡೂ ಕಡೆ ನೋಡಿ ದಾಟಿದಳು. ಕೈ ಮರಳಿ ತೊಡೆಯ ಮೇಲೆ ಬಂತು. ಹಿಂದಿನ ಸೀಟಿನಲ್ಲಿ ಟೀಚರ್, ಏನನ್ನೋ ಹುಡುಕುವವರಂತೆ, ಚೀಲದೊಳಗೆ ಮುಖವಿಟ್ಟು ಕೂತಿದ್ದರು.

ಮೇಷ್ಟ್ರು: ಮೇಡಂ.

ವಕೀಲೆ: ಹೇಳಿ.

ಮೇಷ್ಟ್ರು: ಮಕ್ಕಳು ಅಪ್ಪ ಅಮ್ಮಂಗೆ ಡೈವೋರ್ಸ್ ಕೊಡೋಕೆ ಏನಾದ್ರೂ ಕಾನೂನಿದೆಯಾ?

ವಕೀಲೆ: ಇಲ್ಲ. ಅದಕ್ಕೇ ಇಷ್ಟು ಬೇಗ ಮುಗೀತು.